ಮೊದಲು ಆಟಗಾರ, ಆಮೇಲೆ ಅಳತೆಗೋಲು

ಬ್ಯಾಸ್ಕೆಟ್‌ಬಾಲ್‌ನ ಮೈಕೆಲ್ ಜೋರ್ಡನ್, ಕೋಬಿ ಬ್ರಯಂಟ್, ಲೆಬ್ರಾನ್ ಜೇಮ್ಸ್ ಇವರಲ್ಲಿ ಯಾರು ದೊಡ್ಡವರು ಎಂಬ ಜಗಳದಲ್ಲಿ ಅಭಿಮಾನಿಗಳು ಮೊದಲು ಆಟಗಾರನನ್ನು ಮೆಚ್ಚಿಕೊಳ್ಳುತ್ತಾರೆ, ಅವನಿಗೆ ಹೊಂದುವ ಅಳತೆಗೋಲನ್ನು ಆಮೇಲೆ ಹುಡುಕುತ್ತಾರೆ. ಇದು ನನ್ನ ವಾದ. ಒಪ್ಪದವರು ಬಹಳ ಮಂದಿ ಇದ್ದಾರೆ. ಅವರ ಮಾತುಗಳನ್ನು ಒಂದೊಂದಾಗಿ ತೆಗೆದುಕೊಳ್ಳುತ್ತೇನೆ.

"ನಮ್ಮದು ಮೋಹವಲ್ಲ, ಲೆಕ್ಕ. ಜೋರ್ಡನ್ ಆರು ಸಲ ಫೈನಲ್ಸ್ ಆಡಿ ಆರೂ ಸಲ ಗೆದ್ದ, ಲೆಬ್ರಾನ್ ಹತ್ತು ಸಲ ಆಡಿ ನಾಲ್ಕೇ ಗೆದ್ದ" ಎನ್ನುತ್ತಾರೆ. ಲೆಕ್ಕ ಸರಿ. ಆದರೆ ಫೈನಲ್ಸ್ ಗೆದ್ದವರಿಗೆ ಸಿಗುವ ಉಂಗುರವೇ ಅಳತೆಯಾದರೆ ಬೋಸ್ಟನ್‌ನ ಬಿಲ್ ರಸೆಲ್ ಬಳಿ 11 ಇವೆ. ರಾಬರ್ಟ್ ಹೋರಿ ಬಳಿ 7, ಜೋರ್ಡನ್‌ಗಿಂತ ಒಂದು ಹೆಚ್ಚು. ಹೀಗೆಂದ ಕೂಡಲೇ "ರಸೆಲ್ ಕಾಲವೇ ಬೇರೆ", "ಹೋರಿ ತಂಡದ ಮುಖ್ಯ ಆಟಗಾರನಲ್ಲ" ಎಂಬ ಉತ್ತರ ಬರುತ್ತದೆ. ಎರಡೂ ನ್ಯಾಯವಾದ ಮಾತೇ. ಆದರೆ ಪ್ರತಿ ಸಲವೂ ಒಂದು ಹೊಸ ಷರತ್ತು ಸೇರುತ್ತದೆ, ಕೊನೆಗೆ ಜೋರ್ಡನ್ ಒಬ್ಬರೇ ಉಳಿಯುವ ತನಕ.

ಆರಕ್ಕೆ ಆರು ಎನ್ನುವಾಗ ಇನ್ನೊಂದು ಮರೆಯಾಗುತ್ತದೆ. 1985, 1986, 1987ರಲ್ಲಿ ಜೋರ್ಡನ್ ಅವರ ಶಿಕಾಗೊ ಬುಲ್ಸ್ ಪ್ಲೇಆಫ್‌ನ ಮೊದಲ ಸುತ್ತಿನಲ್ಲೇ ಹೊರಬಿತ್ತು. ಮುಂದಿನ ಮೂರು ವರ್ಷ ಡೆಟ್ರಾಯಿಟ್ ಪಿಸ್ಟನ್ಸ್ ಅವರನ್ನು ದಾಟಗೊಡಲಿಲ್ಲ. 22ರ ಲೆಬ್ರಾನ್ 2007ರಲ್ಲಿ ಕ್ಲೀವ್‌ಲ್ಯಾಂಡ್ ತಂಡವನ್ನು ಫೈನಲ್ಸ್‌ವರೆಗೆ ತಂದು ಸ್ಯಾನ್ ಆಂಟೊನಿಯೊಗೆ 4–0ಯಿಂದ ಸೋತದ್ದು ಕಳಂಕ. ಅದೇ ವಯಸ್ಸಿನ ಜೋರ್ಡನ್ 1985ರಲ್ಲಿ ಮಿಲ್ವಾಕಿ ಎದುರು ಮೊದಲ ಸುತ್ತಿನಲ್ಲೇ ಸೋತದ್ದು ಲೆಕ್ಕಕ್ಕೇ ಇಲ್ಲ. ಕೊನೆಯವರೆಗೆ ಹೋಗಿ ಸೋತವನಿಗಿಂತ ಬಾಗಿಲಲ್ಲೇ ಸೋತವನು ಮೇಲು ಎನ್ನುವ ಲೆಕ್ಕವನ್ನು ನಾನು ಒಪ್ಪಲಾರೆ.

"ಕೊನೆಯ ಗಳಿಗೆಯಲ್ಲಿ ಯಾರಿಗೆ ಎದೆ ಇದೆ ಅನ್ನೋದನ್ನ ಕಣ್ಣಾರೆ ನೋಡಿದ್ದೇವೆ" ಎನ್ನುವವರ ಕಣ್ಣನ್ನೇ ನಾನು ಪ್ರಶ್ನಿಸುತ್ತಿರುವುದು. 2007ರಲ್ಲಿ ಪಿಸ್ಟನ್ಸ್ ವಿರುದ್ಧದ ಸರಣಿಯ ಮೊದಲ ಪಂದ್ಯ. ಕೊನೆಯ ಸೆಕೆಂಡುಗಳಲ್ಲಿ ಲೆಬ್ರಾನ್ ಬುಟ್ಟಿಯತ್ತ ನುಗ್ಗಿ, ಮೂಲೆಯಲ್ಲಿ ಒಂಟಿಯಾಗಿ ನಿಂತಿದ್ದ ಡೊನಿಯೆಲ್ ಮಾರ್ಷಲ್‌ಗೆ ಪಾಸ್ ಕೊಟ್ಟರು. ಶಾಟ್ ತಪ್ಪಿತು. ಪುಕ್ಕಲ ಎಂಬ ಹೆಸರು ಬಂತು. 1997ರ ಫೈನಲ್ಸ್‌ನ ಆರನೇ ಪಂದ್ಯದಲ್ಲಿ ಯೂಟಾ ಜಾಝ್ ಎದುರು ಜೋರ್ಡನ್ ಇಬ್ಬರನ್ನು ತಮ್ಮತ್ತ ಸೆಳೆದು ಸ್ಟೀವ್ ಕೆರ್‌ಗೆ ಪಾಸ್ ಕೊಟ್ಟರು. ಚೆಂಡು ಬುಟ್ಟಿಗೆ ಬಿತ್ತು. ಅದು ವಿವೇಕ ಎನಿಸಿಕೊಂಡಿತು. ಇಬ್ಬರ ನಿರ್ಧಾರವೂ ಒಂದೇ, ಎರಡೂ ಸರಿಯಾದದ್ದೇ. ಮಾರ್ಷಲ್ ಕೈ ತಪ್ಪಿದ್ದಕ್ಕೆ ಲೆಬ್ರಾನ್ ಎದೆಗಾರಿಕೆಯನ್ನು ತೂಗುವುದು ಯಾವ ನ್ಯಾಯ? ಪಿಸ್ಟನ್ಸ್ ವಿರುದ್ಧದ ಅದೇ ಸರಣಿಯ ಐದನೇ ಪಂದ್ಯದಲ್ಲಿ ತಂಡದ ಕೊನೆಯ 25 ಪಾಯಿಂಟ್‌ಗಳನ್ನೂ ಅವರೊಬ್ಬರೇ ಗಳಿಸಿದರು.

ಕೋಬಿ ಅಭಿಮಾನಿಗಳಿಗೂ ಇದೇ ಮಾತು. 2010ರ ಫೈನಲ್ಸ್‌ನ ಏಳನೇ ಪಂದ್ಯದಲ್ಲಿ ಕೋಬಿ 24 ಶಾಟ್ ಹೊಡೆದು ಆರನ್ನಷ್ಟೇ ಬುಟ್ಟಿಗೆ ಹಾಕಿದರು, 15 ರಿಬೌಂಡ್ ಹಿಡಿದರು, ಅವರ ತಂಡ ಲೇಕರ್ಸ್ ಗೆದ್ದಿತು. ಇದನ್ನು ಛಲ ಎಂದು ಹಾಡುವವರು ಲೆಬ್ರಾನ್ ಹೀಗೆ ಆಡಿ ಗೆದ್ದಿದ್ದರೆ ಅದೇ ಹಾಡು ಹಾಡುತ್ತಿದ್ದರೇ?

"ನಮ್ಮ ಕಾಲದ ಆಟ ಗಟ್ಟಿ" ಎಂಬ ಮಾತನ್ನು ಪ್ರತಿ ಪೀಳಿಗೆಯೂ ಹೇಳಿದೆ. ಅದಕ್ಕೆ ಹೆಚ್ಚು ಉತ್ತರ ಬೇಕಿಲ್ಲ.

ಗಟ್ಟಿಯಾದ ಆಕ್ಷೇಪ ಒಂದೇ: "ಅಭಿಮಾನ ಬಿಟ್ಟರೆ ಆಟ ನೋಡುವುದಾದರೂ ಯಾಕೆ?" ಬಿಡಿ ಎಂದು ನಾನೆಂದೂ ಹೇಳಿಲ್ಲ. ಹನ್ನೆರಡರ ವಯಸ್ಸಿನಲ್ಲಿ ಒಬ್ಬ ಆಟಗಾರ ಮನಸ್ಸು ಹೊಕ್ಕರೆ ಅವನು ಸುಲಭಕ್ಕೆ ಹೊರಡುವುದಿಲ್ಲ, ಹೊರಡಬೇಕಾಗಿಯೂ ಇಲ್ಲ. ನನ್ನ ಸಂಕಟ ಬೇರೆ. ಐವರು ಆಡುವ ಆಟದಲ್ಲಿ ಈ ಮೋಹ ನಾಲ್ವರನ್ನು ಅಳಿಸಿಹಾಕುತ್ತದೆ. ಜೋರ್ಡನ್ ಇಲ್ಲದ 1993–94ರಲ್ಲಿ ಬುಲ್ಸ್ 55 ಪಂದ್ಯ ಗೆದ್ದಿತು. ಅವರಿದ್ದ ಹಿಂದಿನ ವರ್ಷ 57. ಲೆಬ್ರಾನ್ ಪಕ್ಷದವರು ಈ ಸಂಖ್ಯೆಯನ್ನು ಜೋರ್ಡನ್‌ಗೆ ಹೊಡೆಯಲು ಬಳಸುತ್ತಾರೆ, ಜೋರ್ಡನ್ ಪಕ್ಷದವರು ಮುಚ್ಚಿಡುತ್ತಾರೆ. ಆ ವರ್ಷ ತಂಡವನ್ನು ಹೊತ್ತ ಸ್ಕಾಟಿ ಪಿಪ್ಪೆನ್ ಬಗ್ಗೆ ಇಬ್ಬರೂ ಒಂದು ಒಳ್ಳೆಯ ಮಾತನ್ನೂ ಆಡುವುದಿಲ್ಲ.

1993ರ ಫೈನಲ್ಸ್‌ನ ಆರನೇ ಪಂದ್ಯ ನೋಡಿ. ಫೀನಿಕ್ಸ್ ಎದುರು ಬುಲ್ಸ್ ಎರಡು ಪಾಯಿಂಟ್ ಹಿಂದಿದ್ದಾಗ ಚೆಂಡು ಪಿಪ್ಪೆನ್‌ನಿಂದ ಹೊರೇಸ್ ಗ್ರಾಂಟ್‌ಗೆ, ಗ್ರಾಂಟ್‌ನಿಂದ ಜಾನ್ ಪ್ಯಾಕ್ಸನ್‌ಗೆ ಹೋಯಿತು. ಪ್ಯಾಕ್ಸನ್ ಮೂರು ಪಾಯಿಂಟ್ ಹೊಡೆದು ಪ್ರಶಸ್ತಿ ಗೆಲ್ಲಿಸಿದರು. ಅದಕ್ಕೂ ಮೊದಲು ಆ ಕೊನೆಯ ಕ್ವಾರ್ಟರ್‌ನಲ್ಲಿ ಬುಲ್ಸ್ ಗಳಿಸಿದ್ದ ಒಂಬತ್ತೂ ಪಾಯಿಂಟ್ ಜೋರ್ಡನ್ ಅವರವೇ. ಈ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವ ಅಭಿಮಾನಿಯ ಜೊತೆ ಕೂತು ಜೋರ್ಡನ್ ಅವರನ್ನು ಹೊಗಳಲು ನಾನು ಯಾವತ್ತೂ ಸಿದ್ಧ.