ಗಂಡಸರು ಹೆದರಿ ಮನೆಯಲ್ಲಿ ಕೂತರೆ ಕಾಮಿಡಿ, ಹೆಂಗಸರು ಕೂತರೆ?

ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ‘ನಾಳೆ ಬಾ’ ಅಂತ ಬರೆದದ್ದನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರುತ್ತೀರಿ. ರಾತ್ರಿ ದೆವ್ವ ಬಂದು ಮನೆಯವರ ದನಿಯಲ್ಲೇ ಕೂಗುತ್ತದೆ, ಬಾಗಿಲು ತೆಗೆದರೆ ಕತೆ ಮುಗೀತು. ಆದರೆ ಬರಹ ಓದಿದರೆ, ಸರಿ ನಾಳೆ ಬರೋಣ ಅಂತ ವಾಪಸು ಹೋಗುತ್ತದೆ. ಅದಕ್ಕೆ ದಿನವೂ ನಾಳೆಯೇ. 1990ರ ದಶಕದಲ್ಲಿ ನಮ್ಮ ಕಡೆ ಹಬ್ಬಿದ್ದ ಈ ಸುದ್ದಿಯನ್ನೇ ಮಧ್ಯಪ್ರದೇಶದ ಚಂದೇರಿಗೆ ಒಯ್ದು 2018ರಲ್ಲಿ ಹಿಂದಿಯವರು ‘ಸ್ತ್ರೀ’ ಸಿನಿಮಾ ಮಾಡಿದರು. (ದೆವ್ವಕ್ಕೆ ಓದು ಬರುತ್ತದೆ ಎಂಬುದರ ಬಗ್ಗೆ ಮಾತ್ರ ಎರಡೂ ಊರಿನವರಿಗೆ ಅನುಮಾನವಿಲ್ಲ!)

ಈ ಸಿನಿಮಾದ ಬಗ್ಗೆ ಏನಾದರೂ ಹೇಳಹೋದರೆ ‘ಅಯ್ಯೋ, ಅದು ಕಾಮಿಡಿ, ನಕ್ಕು ಬಿಡ್ರಪ್ಪ’ ಅನ್ನುತ್ತಾರೆ. ನಾವೂ ನಕ್ಕಿದ್ದೇವೆ, ಒಂದೇ ಮೊಬೈಲಿನ ಸುತ್ತ ಐದು ಜನ ಕೂತು. ಆದರೆ ಯಾತಕ್ಕೆ ನಕ್ಕೆವು ಅಂತ ಕೇಳಿಕೊಳ್ಳುವುದು ಬೇಡವೇ?

ಊರಲ್ಲಿ ನಾಲ್ಕು ದಿನದ ಪೂಜೆ. ಆ ರಾತ್ರಿಗಳಲ್ಲಿ ಹೆಣ್ಣು ದೆವ್ವ ಗಂಡಸರನ್ನು ಹೊತ್ತೊಯ್ಯುತ್ತದೆ, ಬಟ್ಟೆ ಮಾತ್ರ ಬಿಟ್ಟು ಹೋಗುತ್ತದೆ. ‘ಕತ್ತಲಾದ ಮೇಲೆ ಒಬ್ಬನೇ ಹೋಗಬೇಡ, ಯಾರಾದರೂ ಕರೆದರೆ ತಿರುಗಿ ನೋಡಬೇಡ’ ಎಂಬ ಬುದ್ಧಿಮಾತು ಈಗ ಗಂಡಸರಿಗೆ. ಇದೇ ನಗುವಿನ ಬೇರು. ಈ ಮಾತನ್ನು ಹುಟ್ಟಿದಾಗಿನಿಂದ ಕೇಳುತ್ತ ಬಂದವರು ಯಾರು ಅಂತ ನಿಮ್ಮ ಅಕ್ಕತಂಗಿಯರನ್ನು ಕೇಳಿ. ನಾವು ಓದುವಾಗ ಹುಡುಗಿಯರ ಹಾಸ್ಟೆಲ್ ಗೇಟಿಗೆ ಏಳು ಗಂಟೆಗೇ ಬೀಗ ಬೀಳುತ್ತಿತ್ತು, ಹುಡುಗರ ಹಾಸ್ಟೆಲ್‌ಗೆ ಗೇಟೇ ಇರಲಿಲ್ಲ. ಸಂಜೆ ನಡೆದ ಗ್ರಾಮಸಭೆಯ ವರದಿಗೆ ನಮ್ಮಲ್ಲಿನ ಹುಡುಗಿಯರು ಹೋಗಲಾಗದೆ ಹುಡುಗರ ನೋಟ್‌ಬುಕ್ ನೋಡಿ ಬರೆದು ಕೊಟ್ಟಿದ್ದಾರೆ. ಅಂಕವೂ ಹಾಗೇ ಬಂತು, ಕಡಿಮೆ. ಅದನ್ನು ಯಾರೂ ಕಾಮಿಡಿ ಅನ್ನಲಿಲ್ಲ.

ಆ ದೆವ್ವವೂ ಸುಮ್ಮನೆ ಕೆಟ್ಟದ್ದಲ್ಲ. ಬದುಕಿದ್ದಾಗ ಅವಳು ವೇಶ್ಯೆ. ಎಲ್ಲರೂ ಅವಳ ಮೈ ಬಯಸಿದರು, ಒಬ್ಬ ಅವಳನ್ನು ಬಯಸಿದ. ಇಬ್ಬರನ್ನೂ ಮದುವೆಯ ರಾತ್ರಿ ಊರವರೇ ಕೊಂದರು. ದೆವ್ವವಾದ ಮೇಲೂ ಅವಳು ಹೆಸರು ಹಿಡಿದು ಕರೆಯುತ್ತಾಳೆ, ಗಂಡಸು ತಿರುಗಿದರಷ್ಟೇ ಒಯ್ಯುತ್ತಾಳೆ. ಅವಳಿಗೆ ಮಣಿಯುವುದು ಕತ್ತಿ ಹಿಡಿದವನಲ್ಲ, ವೇಶ್ಯೆಯ ಮಗನೇ ಆದ ದರ್ಜಿ ವಿಕ್ಕಿಯ ಪ್ರೀತಿಯ ನೋಟ. ಕೊನೆಗೆ ಊರವರು ‘ನಾಳೆ ಬಾ’ ಬದಲು ‘ಕಾಪಾಡು ತಾಯಿ’ ಎಂಬರ್ಥದ ಮಾತು ಬರೆಯುತ್ತಾರೆ. ಇಷ್ಟು ಹೇಳಲು ಒಂದೂ ಭಾಷಣ ಬೇಕಾಗಲಿಲ್ಲ ಎನ್ನಲಾರೆವು, ಪಂಕಜ್ ತ್ರಿಪಾಠಿ ಒಂದೆರಡು ಬಿಗಿಯುತ್ತಾರೆ. ಅವರ ಬಾಯಲ್ಲಿ ಅದೂ ಚೆನ್ನ.

ನಮ್ಮ ಜಗಳ ಇರುವುದು 2024ರ ‘ಸ್ತ್ರೀ 2’ ಜೊತೆ. ಈಗ ರುಂಡವಿಲ್ಲದ ಗಂಡು ದೆವ್ವ, ಅದು ಒಯ್ಯುವುದು ಹೊಸ ಕಾಲದ ಹುಡುಗಿಯರನ್ನು. ಊರ ಗಂಡಸರ ತಲೆ ಕೆಡುತ್ತದೆ, ಹೆಂಗಸರು ಮತ್ತೆ ಮನೆಯೊಳಗೆ. ಇದು ತಪ್ಪು ಅಂತ ಸಿನಿಮಾ ಹೇಳುತ್ತದೆ, ನಿಜ. ಆದರೆ ಮೊದಲ ಭಾಗ ಲೋಕವನ್ನು ತಲೆಕೆಳಗು ಮಾಡಿ ತೋರಿಸಿತ್ತು. ಇದು ಇದ್ದ ಲೋಕವನ್ನೇ ಗ್ರಾಫಿಕ್ಸ್ ಹಾಕಿ ತೋರಿಸುತ್ತದೆ. ಹೆಣ್ಣನ್ನು ಎತ್ತಿಕೊಂಡು ಹೋಗುವ ಗಂಡಸಿನ ಕತೆಗೆ ದೆವ್ವ ಯಾಕೆ ಬೇಕು? ಪೇಪರ್ ಸಾಲದೆ? ನೂರಾರು ಕೋಟಿ ಗಳಿಸಿತಂತೆ, ಗಳಿಸಲಿ. ಜನಕ್ಕೆ ಹೆಚ್ಚು ನೆನಪಿರುವುದು ತಮನ್ನಾ ಕುಣಿದ ಹಾಡು. ಮೊದಲ ಭಾಗದಲ್ಲೂ ನೋರಾ ಫತೇಹಿಯ ಹಾಡಿತ್ತು, ಆಗಲೂ ನಮಗೆ ಮುಜುಗರವಾಗಿತ್ತು.

ಇನ್ನೊಂದು. ಎರಡೂ ಭಾಗದಲ್ಲಿ ಶ್ರದ್ಧಾ ಕಪೂರ್ ಪಾತ್ರಕ್ಕೆ ನಮಗೆ ಕೇಳಿಸುವ ಹೆಸರೇ ಇಲ್ಲ. ಪ್ರೀತಿಸುವ ವಿಕ್ಕಿಗೂ ಮೊದಲ ಭಾಗದಲ್ಲಿ ಗೊತ್ತಿಲ್ಲ, ಎರಡನೆಯದರಲ್ಲಿ ಅವನ ಕಿವಿಯಲ್ಲಿ ಪಿಸುಗುಟ್ಟುತ್ತಾಳೆ, ನಮಗಲ್ಲ. ಮೊದಲು ಇದು ಗುಟ್ಟಿನ ತಮಾಷೆ ಅನಿಸಿತ್ತು. ‘ಇಂಥವರ ಮಗಳು, ಇಂಥವರ ಹೆಂಡತಿ’ ಅಂತಲೇ ಕರೆಸಿಕೊಳ್ಳುವ ಊರಿನವರು ನಾವು, ಎರಡನೇ ಸಲ ನಗು ಬರಲಿಲ್ಲ. ಮೂರನೇ ಭಾಗ ತರುತ್ತೇವೆ ಅಂದಿದ್ದಾರೆ. ಅದರಲ್ಲಾದರೂ ಅವಳ ಹೆಸರು ಹೇಳಿ ಸ್ವಾಮಿ, ನಮಗೂ ಕೇಳಿಸುವ ಹಾಗೆ.