ಹೊಗಳಿಕೆ ಸಾಕು, ಪಾಲು ಕೊಡಿ

ಗಂಡ ತೀರಿಹೋದ ಮೇಲೆ ರೊಟ್ಟಿ ಬಡಿದು, ಎಮ್ಮೆ ಕಟ್ಟಿ ಮಕ್ಕಳನ್ನು ಓದಿಸಿದವಳನ್ನು ಎಲ್ಲರೂ 'ಗಂಡೆದೆಯವಳು' ಎಂದು ಹೊಗಳುತ್ತಾರೆ. ಆ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಹೊಗಳುವುದಕ್ಕೆ ಕಾಸು ಖರ್ಚಿಲ್ಲವಲ್ಲ!

ನನ್ನ ವಿದ್ಯಾರ್ಥಿನಿಯೊಬ್ಬಳ ತಾಯಿ ಜೋಳದ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಪೇಟೆಯ ಖಾನಾವಳಿಗಳಿಗೆ ಕೊಡುತ್ತಾಳೆ. ಉಳಿದ ದುಡ್ಡಿನಲ್ಲಿ ಎರಡು ಎಮ್ಮೆ ತಂದಳು. ಹೊಲದಂಚಿಗೆ ಶೆಡ್ ಹಾಕಿ ರೊಟ್ಟಿ ಯಂತ್ರ ಕೂರಿಸಲು ಸಾಲ ಕೇಳಿದರೆ, ಬ್ಯಾಂಕಿನವರು ಹೊಲದ ಉತಾರ ಕೇಳಿದರು. ಅದರಲ್ಲಿ ಇನ್ನೂ ಸತ್ತ ಗಂಡನದೇ ಹೆಸರು. ಬದಲಿಸೋಣವೆಂದರೆ ಭಾವ, "ನಿನಗ್ಯಾಕವ್ವ ಹೊಲದ ಉಸಾಬರಿ? ನಾವಿಲ್ಲೇನು?" ಎಂದರು. ಕೊನೆಗೆ ವಾರದ ಕಂತಿನ ದುಬಾರಿ ಸಾಲವೇ ಗತಿಯಾಯಿತು.

1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಏನು ಹೇಳುತ್ತದೆ? ಉಯಿಲು ಬರೆಯದೆ ಸತ್ತವನ ಆಸ್ತಿಯಲ್ಲಿ ಹೆಂಡತಿಗೂ ಮಕ್ಕಳಷ್ಟೇ ಪಾಲು. ಆ ಪಾಲಿಗೆ ಅವಳೇ ಪೂರ್ಣ ಒಡತಿ. ಅದು ಭಾವ-ಮೈದುನರು ಹಾಕುವ ಭಿಕ್ಷೆಯಲ್ಲ. ಮರಣ ಪ್ರಮಾಣಪತ್ರ, ವಂಶವೃಕ್ಷ ಲಗತ್ತಿಸಿ ಪೌತಿ ಖಾತೆಗೆ ಅರ್ಜಿ ಕೊಟ್ಟು ವಾರಸುದಾರರ ಹೆಸರನ್ನು ಉತಾರಕ್ಕೆ ಸೇರಿಸಬಹುದು.

ಪೇಟೆಯಲ್ಲಿರುವ ಅಕ್ಕತಂಗಿಯರೇ, ಊರಿನಲ್ಲಿ ನಿಮಗೂ ಇಂಥ ಒಬ್ಬ ನೆಗೆಣ್ಣಿ ಇರಬಹುದು. ಸುಗ್ಗಿ ಮುಗಿದ ಮೇಲೆ ನಿಮ್ಮ ಮನೆಗೆ ಬರುವ ಜೋಳದ ಚೀಲದಲ್ಲಿ ಅವಳ ಪಾಲೆಷ್ಟು ಎಂದು ಒಮ್ಮೆಯಾದರೂ ನಿಮ್ಮ ಯಜಮಾನರನ್ನು ಕೇಳಿ. ಅವಳ ಧೈರ್ಯಕ್ಕೆ ಯಾರ ಸರ್ಟಿಫಿಕೇಟೂ ಬೇಕಿಲ್ಲ. ಬೇಕಾದದ್ದು ಉತಾರದಲ್ಲಿ ಒಂದು ಸಾಲು, ಅರ್ಜಿ ಹಿಡಿದು ನಾಡಕಚೇರಿಗೆ ಹೋಗುವಾಗ ಜೊತೆಗೆ ಒಬ್ಬರು. ಆ ಒಬ್ಬರು ನೀವಾಗಿ.