ಡಾಲ್ಡಾ ಡಬ್ಬಿಯ ಕಲ್ಲುಗಳು

ಹೋದ ಸಂಚಿಕೆಯಲ್ಲಿ ಕೆಂಪು ಮೆಣಸಿನಕಾಯಿ ರಂಜಕದ ಬಗ್ಗೆ ಬರೆದಿದ್ದೆ. "ಈ ಸಲ ಏನು ಬರೀತೀ?" ಅಂತ ನಮ್ಮ ಮನೆಯವರು ಕೇಳಿದರು. "ಕಲ್ಲು" ಅಂದೆ. "ಅಕ್ಕಿಯೊಳಗಿನ ಕಲ್ಲೋ, ಮೂತ್ರಪಿಂಡದೊಳಗಿನ ಕಲ್ಲೋ?" ಅಂತ ನಕ್ಕರು. ಎರಡೂ ಅಲ್ಲ ಸೋದರಿಯರೇ. ಹೊಳೆದಂಡೆಯಲ್ಲಿ ಸಿಗುವ ಒರಟು ಕಲ್ಲನ್ನು ಮನೆಯಲ್ಲೇ ದುಂಡಗೆ, ನುಣ್ಣಗೆ, ಹೊಳೆಯುವಂತೆ ಮಾಡುವ ಒಂದು ಹವ್ಯಾಸವಿದೆ. ಅದನ್ನು ನಾನು ತಪ್ಪು ಮಾಡಿಯೇ ಕಲಿತೆ. ನೀವು ಆ ತಪ್ಪು ಮಾಡಬಾರದು ಅಂತ ಈ ಬರಹ.

ನಮ್ಮಪ್ಪ ಪ್ರಾಥಮಿಕ ಶಾಲೆಯ ಮಾಸ್ತರರು. ಕೃಷ್ಣಾ ನದಿಯ ದಂಡೆ ಹಿಡಿದು ಪಕ್ಕದೂರಿನ ಶಾಲೆಗೆ ದಿನಾ ನಡೆದೇ ಹೋಗಿಬರುತ್ತಿದ್ದರು. ಸಂಜೆ ಬಂದು ಅಂಗಿ ಕಳಚಿದರೆ ಕಿಸೆಯಲ್ಲಿ ಒಂದೋ ಎರಡೋ ಕಲ್ಲು. "ಮಾಸ್ತರು ಪಗಾರಾ ತರ್ತಾರೋ, ಕಲ್ಲು ತರ್ತಾರೋ" ಅಂತ ಅವ್ವ ಗೊಣಗುತ್ತಿದ್ದಳು. ಒಂದು ಹಳೆಯ ಡಾಲ್ಡಾ ಡಬ್ಬಿಯಲ್ಲಿ ಅವೆಲ್ಲ ಸೇರುತ್ತಿದ್ದವು. ಜೇನಿನ ಬಣ್ಣದವು, ಹಾಲಿನ ಬಣ್ಣದವು, ಈರುಳ್ಳಿ ಹೆಚ್ಚಿದಂತೆ ಪಟ್ಟೆಪಟ್ಟೆಯವು.

ಇವು ಕೃಷ್ಣೆಯ ದಂಡೆಗೆ ಎಲ್ಲಿಂದ ಬಂದವು ಅನ್ನುವುದೂ ಒಂದು ಸೋಜಿಗ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನಿನ ನೆಲ ಬಿರಿದು ಲಾವಾ ಹರಿಯಿತಂತೆ. ಅದು ಆರುವಾಗ ಒಳಗೆ ಗುಳ್ಳೆಗಳು ಉಳಿದವು, ದೋಸೆಯಲ್ಲಿ ತೂತು ಉಳಿಯುವ ಹಾಗೆ. ಮುಂದೆ ಆ ಗುಳ್ಳೆಗಳಲ್ಲಿ ನೀರಿನೊಡನೆ ಬಂದ ಸಿಲಿಕಾ ಪದರಪದರವಾಗಿ ಕೂತು ಅಗೇಟ್ ಕಲ್ಲಾಯಿತು. ಹಕೀಕ್ ಅಂತ ಉಂಗುರಕ್ಕೆ ಕೂರಿಸುತ್ತಾರಲ್ಲ, ಅದೇ. ಸುತ್ತಲಿನ ಕರಿಕಲ್ಲು ಸವೆದು ಕಪ್ಪು ಮಣ್ಣಾದರೂ ಇವು ಸವೆಯದೆ ಹೊಳೆಗೆ ಬಿದ್ದು ಉರುಳುತ್ತಾ ಬರುತ್ತವೆ.

ನಮ್ಮೂರು ಈಗ ಇಲ್ಲ. ಆಲಮಟ್ಟಿ ಅಣೆಕಟ್ಟು ಪೂರ್ತಿಯಾದದ್ದು 2005ರಲ್ಲಿ. ಅಷ್ಟರೊಳಗೆ ನಮ್ಮ ಮನೆ, ಹೊಲ, ಅಪ್ಪ ನಡೆಯುತ್ತಿದ್ದ ಆ ದಾರಿ ಎಲ್ಲ ಹಿನ್ನೀರಿನ ಅಡಿ ಸೇರಿದವು. ಪರಿಹಾರದ ದುಡ್ಡು ಹಂಚುವಾಗ ನನಗೂ ಅಣ್ಣನಿಗೂ ಮಾತು ಬೆಳೆದು, ಆಮೇಲೆ ಮಾತೇ ನಿಂತಿತು. ಅಪ್ಪ ತೀರಿಕೊಂಡ ಮೇಲೆ ಅವ್ವ ನನ್ನ ಪಾಲಿಗೆ ಅಂತ ಕೊಟ್ಟದ್ದು ಆ ಡಾಲ್ಡಾ ಡಬ್ಬಿ. ಬಹಳ ವರ್ಷ ಅದು ಅಟ್ಟದ ಮೇಲಿತ್ತು.

ಎರಡು ವರ್ಷದ ಹಿಂದೆ ಬೆಂಗಳೂರಿನಲ್ಲಿ ನೌಕರಿ ಮಾಡುವ ಮಗಳು ಒಂದು ಪುಟ್ಟ ಯಂತ್ರ ತರಿಸಿಕೊಟ್ಟಳು. "ಅವ್ವಾ, ಅಜ್ಜನ ಕಲ್ಲಿಗೆ ಹೊಳಪು ಕೊಡೋಣ" ಅಂದಳು. ಅದಕ್ಕೆ ಟಂಬ್ಲರ್ ಅನ್ನುತ್ತಾರೆ. ನೀರು ಕುಡಿಯುವ ಟಂಬ್ಲರ್ ಅಲ್ಲ! ಎರಡು ಉರುಳೆಗಳ ಮೇಲೆ ಒಂದು ರಬ್ಬರ್ ಡಬ್ಬಿ ಅಡ್ಡಲಾಗಿ ಮಲಗಿರುತ್ತದೆ, ಸಣ್ಣ ಮೋಟಾರು ಅದನ್ನು ನಿಧಾನವಾಗಿ ತಿರುಗಿಸುತ್ತಲೇ ಇರುತ್ತದೆ. ಒಳಗೆ ಕಲ್ಲು, ನೀರು ಮತ್ತು ಗಟ್ಟಿ ಪುಡಿ. ಡಬ್ಬಿ ತಿರುಗಿದಂತೆ ಕಲ್ಲುಗಳು ಗೋಡೆಗುಂಟ ಮೇಲೇರಿ ಒಂದರ ಮೇಲೊಂದು ಜಾರುತ್ತವೆ. ನಡುವೆ ಸಿಕ್ಕ ಪುಡಿ ಅವನ್ನು ತೇಯುತ್ತದೆ. ಮುಂದೆ ಚಾಚಿದ ಮೂಲೆಗೇ ಮೊದಲು ಏಟು ಬೀಳುವುದರಿಂದ ಮೂಲೆ ಸವೆದು ಕಲ್ಲು ದುಂಡಗಾಗುತ್ತದೆ. ಹೊಳೆ ಸಾವಿರಾರು ವರ್ಷ ಮಾಡುವ ಕೆಲಸವನ್ನು ಇದು ತಿಂಗಳು ಒಂದೂವರೆ ತಿಂಗಳಲ್ಲಿ ಮಾಡುತ್ತದೆ.

ಇದೇನು ಇಂದಿನ ವಿದ್ಯೆ ಅಲ್ಲ. ಗುಜರಾತಿನ ಖಂಭಾತದಲ್ಲಿ ಅಗೇಟ್ ಮಣಿ ಮಾಡುವವರು ಹಿಂದೆ ಚರ್ಮದ ಚೀಲದಲ್ಲಿ ಮಣಿ, ನೀರು, ಕುರುಂದದ ಪುಡಿ ತುಂಬಿ, ಇಬ್ಬರು ಎದುರುಬದುರು ಕೂತು ದಿನಗಟ್ಟಲೆ ಆಚೆಈಚೆ ಉರುಳಿಸುತ್ತಿದ್ದರು. ಈಗ ಅಲ್ಲೂ ಕರೆಂಟಿನ ಪೀಪಾಯಿ ಬಂದಿದೆ.

ಯಂತ್ರ ಶುರುವಾದ ದಿನ ನಮ್ಮ ಅತ್ತಿಯವರು ಕೇಳಿದ್ದು ಇನ್ನೂ ನೆನಪಿದೆ. "ಯವ್ವಾ, ಹಗಲೂ ರಾತ್ರಿ ಇದೇನ ಗಡಗಡ? ಕಲ್ಲಿಗೂ ಜಳಕಾ ಮಾಡಸಾಕತ್ತೀಯೇನ?"

ಈಗ ಪುಡಿಯ ವಿಷಯ. ಒಟ್ಟು ನಾಲ್ಕು ಹಂತ. ಮೊದಲ ಮೂರಕ್ಕೆ ಸಿಲಿಕಾನ್ ಕಾರ್ಬೈಡ್, ಅಂದರೆ ಕಾರ್ಬೊರಂಡಮ್ ಪುಡಿ. ಪುಡಿಗೆ ನಂಬರು ಇರುತ್ತದೆ. ಅದು ಜರಡಿಯ ಲೆಕ್ಕ, ಅಂಗುಲಕ್ಕೆ ಎಷ್ಟು ತೂತು ಅಂತ. ನಂಬರು ದೊಡ್ಡದಾದಷ್ಟೂ ಪುಡಿ ನುಣುಪು. ಮೊದಲ ಹಂತಕ್ಕೆ 60/90, ಕೈಗೆ ಸಣ್ಣ ರವೆಯ ಹಾಗೆ ಹತ್ತುತ್ತದೆ. ಎರಡನೆಯದಕ್ಕೆ 120/220. ಮೂರನೆಯದಕ್ಕೆ 500, ಮೈದಾ ಹಿಟ್ಟಿನ ಹಾಗೆ. ನಾಲ್ಕನೆಯದು ಹೊಳಪಿನ ಹಂತ, ಅದಕ್ಕೆ ಅಲ್ಯೂಮಿನಿಯಂ ಆಕ್ಸೈಡಿನ ಪುಡಿ. ಒಂದೊಂದು ಹಂತಕ್ಕೂ ಸುಮಾರು ಏಳು ದಿನ. ಮೊಸಾಯಿಕ್ ನೆಲ ಹಾಕಿಸಿದವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಅಲ್ಲೂ ಮೊದಲು ಒರಟು ಕಲ್ಲಿನಿಂದ ಉಜ್ಜಿ, ಆಮೇಲೆ ನುಣುಪು ಕಲ್ಲಿನಿಂದ ಉಜ್ಜುತ್ತಾರಲ್ಲವೇ?

ನಾನು ಮಾಡಿದ ತಪ್ಪು ಈಗ ಹೇಳುತ್ತೇನೆ. ತಪ್ಪು ಒಂದಲ್ಲ, ಮೂರು.

ಮೊದಲನೆಯದು, ಮೊದಲ ಸಲಕ್ಕೇ ಅಪ್ಪನ ಕಲ್ಲುಗಳನ್ನು ಹಾಕಿದ್ದು. ಡಬ್ಬಿಯಲ್ಲಿ ಒಂದು ಕಲ್ಲಿತ್ತು. ಚಹಾದ ಬಣ್ಣ, ನಡುವೆ ಬಿಳಿ ಬಳೆಗಳು, ಥೇಟು ಕಣ್ಣಿನ ಹಾಗೆ. ಅಪ್ಪ ಅದಕ್ಕೆ "ಎತ್ತಿನ ಕಣ್ಣು" ಅನ್ನುತ್ತಿದ್ದರು. ಅದಕ್ಕಾಗಿ ನಾನೂ ಅಣ್ಣನೂ ಚಿಕ್ಕವರಿದ್ದಾಗ ಎಷ್ಟು ಜಗಳ ಮಾಡಿದ್ದೇವೋ! ಅದರಲ್ಲಿ ಕೂದಲೆಳೆಯಷ್ಟು ಬಿರುಕಿತ್ತು. ಕಂಡರೂ ಕಾಣದವಳ ಹಾಗೆ ಹಾಕಿಬಿಟ್ಟೆ.

ಎರಡನೆಯದು, ಡಬ್ಬಿ ತುಂಬಲಿಲ್ಲ ಅಂತ ಹಿತ್ತಲಲ್ಲಿ ಬಿದ್ದಿದ್ದ ಶಹಾಬಾದ್ ಕಲ್ಲಿನ ಚೂರುಗಳನ್ನೂ ಸೇರಿಸಿದ್ದು. ಶಹಾಬಾದ್ ಕಲ್ಲು ಅಂದರೆ ಸುಣ್ಣದಕಲ್ಲು, ಮೆದು. ಫ್ರೆಡ್ರಿಕ್ ಮೋಸ್ ಅನ್ನುವವರು 1812ರಲ್ಲಿ ಕಲ್ಲಿನ ಗಟ್ಟಿತನಕ್ಕೆ ಒಂದರಿಂದ ಹತ್ತರವರೆಗೆ ಅಂಕ ಕೊಟ್ಟರು. ವಜ್ರಕ್ಕೆ ಹತ್ತು. ಅಗೇಟಿಗೆ ಸುಮಾರು ಏಳು, ಸುಣ್ಣದಕಲ್ಲಿಗೆ ಸುಮಾರು ಮೂರು. ಕಡಲೆಕಾಳಿನ ಜೊತೆ ಅವಲಕ್ಕಿ ಕುದಿಸಿದರೆ ಏನಾದೀತು? ಹಾಗೇ ಆಯಿತು. ಮುಚ್ಚಳ ತೆಗೆದಾಗ ಶಹಾಬಾದ್ ಕಲ್ಲು ರಾಡಿಯಾಗಿತ್ತು.

ಮೂರನೆಯದೇ ದೊಡ್ಡ ತಪ್ಪು. ಅವಸರ. ಯುಗಾದಿಗೆ ಮಗಳು ಬರುತ್ತಾಳೆ, ಅಷ್ಟರೊಳಗೆ ಹೊಳೆಯುವ ಕಲ್ಲು ಕೈಗಿಡಬೇಕು ಅಂತ ಹಟ. ಒರಟು ಪುಡಿಯಲ್ಲಿ ಮೂರೇ ದಿನ ತಿರುಗಿಸಿ, ಮೇಲೆ ಮೇಲೆ ತೊಳೆದು, ಮುಂದಿನ ಪುಡಿಗೆ ದಾಟಿಸಿದೆ. ಅಲ್ಲೂ ಹಾಗೇ. ಕಡೆಗೆ ಹೊಳಪಿನ ಪುಡಿ ಹಾಕಿ ಒಂದು ವಾರ ಬಿಟ್ಟೆ. ಪುಡಿ ಎಲ್ಲ ಸರಿಮಾಡುತ್ತದೆ ಅಂತ ನಂಬಿದ್ದೆ.

ಯುಗಾದಿಯ ಹಿಂದಿನ ದಿನ ತೆಗೆದೆ. ಎಣ್ಣೆ ಕಾಣದ ತಲೆಯ ಹಾಗಿದ್ದವು ಕಲ್ಲುಗಳು. ತಗ್ಗುಗಳೆಲ್ಲ ಹಾಗೇ ಇವೆ, ಅದರೊಳಗೆ ಬಿಳಿ ಪುಡಿ ಕೂತಿದೆ, ಮೈತುಂಬ ಗೀರು. ಎತ್ತಿನ ಕಣ್ಣು ಬಿರುಕಿನಗುಂಟ ಸೀಳಿ ಎರಡಾಗಿತ್ತು. ಅದರ ಚೂಪು ಅಂಚು ಉಳಿದ ಕಲ್ಲುಗಳನ್ನೂ ಕೆತ್ತಿತ್ತು. ಅಡುಗೆಮನೆಯಲ್ಲಿ ಕೂತು ಅತ್ತೆ, ನಾಚಿಕೆ ಯಾಕೆ ಹೇಳಲಿಕ್ಕೆ. ಇನ್ನೊಂದು ತರುತ್ತೇನೆ ಅಂದರೆ ಆ ದಂಡೆಯೇ ಇಲ್ಲ.

ಅತ್ತಿಯವರು ಎರಡು ಹೋಳನ್ನೂ ಕೈಯಲ್ಲಿ ಹಿಡಿದು ನೋಡಿದರು. "ಬೀಸೋ ಕಲ್ಲ ಸವದು ನುಣ್ಣಗಾದ್ರ ಉಳಿ ತಗೊಂಡು ಮತ್ತ ಕುಟ್ಟಸ್ತಿದ್ದಿವಿ. ಅದು ಕಲ್ಲು, ಮೊದಲಿಂದ ಶುರು ಮಾಡಿದ್ರ ಸಿಟ್ಟಾಗಂಗಿಲ್ಲ" ಅಂದರು.

ಹಬ್ಬ ಮುಗಿದ ಮೇಲೆ ಮತ್ತೆ ಮೊದಲಿನಿಂದ ಶುರು ಮಾಡಿದೆ. ಈ ಸಲ ಒರಟು ಪುಡಿಯಲ್ಲಿ ಒಂದು ವಾರ. ತೆಗೆದು, ತೊಳೆದು, ಒಣಗಿಸಿ, ಬಿಸಿಲಿಗೆ ಹಿಡಿದು ನೋಡಿದೆ. ತಗ್ಗು, ಮೂಲೆ ಉಳಿದ ಕಲ್ಲುಗಳನ್ನು ಹೊಸ ಪುಡಿ ಹಾಕಿ ಮತ್ತೊಂದು ವಾರ. ಹೊಸ ಪುಡಿ ಯಾಕೆಂದರೆ ಹಳೆಯದು ಅಷ್ಟರಲ್ಲಿ ತಾನೇ ಸವೆದು ಕೆಲಸ ಮಾಡುವುದನ್ನು ನಿಲ್ಲಿಸಿರುತ್ತದೆ. ಎತ್ತಿನ ಕಣ್ಣಿನ ಎರಡು ಹೋಳಿಗೆ ನಾಲ್ಕು ವಾರ ಹಿಡಿಯಿತು. ಆಗ ನನಗೆ ತಿಳಿದದ್ದು ಇದು: ಕಲ್ಲು ದುಂಡಗಾಗುವುದು ಮೊದಲ ಹಂತದಲ್ಲಿ ಮಾತ್ರ. ಮುಂದಿನ ಮೂರೂ ಹಂತಗಳು ಹಿಂದಿನ ಗೀರನ್ನು ಅಳಿಸುತ್ತವೆ ಅಷ್ಟೆ. ಒರಟು ಪುಡಿಯಲ್ಲಿ ಬಿಟ್ಟ ತಗ್ಗನ್ನು ಯಾವ ಹೊಳಪಿನ ಪುಡಿಯೂ ತುಂಬುವುದಿಲ್ಲ.

ಮಾಡಿ ನೋಡುವವರಿಗೆ ಕೆಲವು ಸೂಚನೆಗಳು:

1. ಮೊದಲ ಸಲ ಬೆಲೆಯಿಲ್ಲದ ಕಲ್ಲು ಹಾಕಿ. ಚಾಕುವಿನಿಂದ ಗೀರಿದರೆ ಗೀರು ಬೀಳದ ಅಗೇಟ್, ಬೆಣಚುಕಲ್ಲಿನಂಥವು ಒಳ್ಳೆಯದು. ಬಾದಾಮಿಯ ಮರಳುಗಲ್ಲು ಕಾಳುಕಾಳಾಗಿ ಉದುರುತ್ತದೆ. ಇಳಕಲ್ಲಿನ ಕೆಂಪು ಗ್ರಾನೈಟಿನಲ್ಲಿ ಮೆದು ಗಟ್ಟಿ ಎರಡೂ ಕಾಳು ಇರುವುದರಿಂದ ಒಂದೇ ಸಮ ಹೊಳಪು ಬರುವುದು ಕಷ್ಟ. ಬಿರುಕಿನ ಕಲ್ಲು ಬೇಡವೇ ಬೇಡ.

2. ಡಬ್ಬಿ ಅರ್ಧಕ್ಕಿಂತ ಹೆಚ್ಚು, ಮುಕ್ಕಾಲಿಗಿಂತ ಕಡಿಮೆ ತುಂಬಿರಲಿ. ದೊಡ್ಡವು, ಸಣ್ಣವು ಕೂಡಿ ಇರಲಿ. ಅರ್ಧ ಕಿಲೋ ಕಲ್ಲಿಗೆ ಎರಡು ದೊಡ್ಡ ಚಮಚ ಪುಡಿ. ನೀರು ಮೇಲಿನ ಕಲ್ಲುಗಳ ಅಂಚಿಗೆ ಬಂದರೆ ಸಾಕು. ಕಲ್ಲು ಸವೆದು ಡಬ್ಬಿ ಬರಿದಾದರೆ ಅದಕ್ಕೆಂದೇ ಸಿಗುವ ಪಿಂಗಾಣಿ ಚೂರುಗಳನ್ನು ಸೇರಿಸಿ. ಇಲ್ಲವಾದರೆ ಕಲ್ಲುಗಳು ಒಂದಕ್ಕೊಂದು ಬಡಿದು ಒಡೆಯುತ್ತವೆ.

3. ಹಂತ ಬದಲಿಸುವಾಗ ಕಲ್ಲು, ಡಬ್ಬಿ, ಮುಚ್ಚಳ ಎಲ್ಲವನ್ನೂ ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿ ತೊಳೆಯಿರಿ. ಒರಟು ಪುಡಿಯ ಒಂದೇ ಕಾಳು ಉಳಿದರೂ ವಾರದ ಹೊಳಪೆಲ್ಲ ಗೀರಾಗುತ್ತದೆ.

4. ತೊಳೆದ ರಾಡಿಯನ್ನು ಬಚ್ಚಲಿಗೆ ಸುರಿಯಬೇಡಿ. ಸಿಮೆಂಟಿನ ಹಾಗೆ ಕೂತು ಪೈಪು ಕಟ್ಟಿಕೊಳ್ಳುತ್ತದೆ. ಹಿತ್ತಲಲ್ಲಿ ಒಂದು ಗುಂಡಿ ತೋಡಿಸಿ ಅದಕ್ಕೆ ಹಾಕಿ.

5. ಒಣ ಕಲ್ಲನ್ನು ಯಾವ ಕಾರಣಕ್ಕೂ ತೇಯಬೇಡಿ, ಒಣಗಿದ ರಾಡಿಯನ್ನು ಗುಡಿಸಬೇಡಿ. ಈ ಧೂಳು ಎದೆಗೆ ಹೋದರೆ ಸಿಲಿಕೋಸಿಸ್ ಎಂಬ ವಾಸಿಯಾಗದ ಶ್ವಾಸಕೋಶದ ರೋಗ ಬರುತ್ತದೆ. ಖಂಭಾತದಲ್ಲಿ ಅಗೇಟ್ ಅರೆಯುವ ಎಷ್ಟೋ ಕೂಲಿಗಳು ಅದಕ್ಕೆ ತುತ್ತಾಗಿದ್ದಾರೆ. ನೀರಿನೊಳಗೆ ತಿರುಗುವಾಗ ಆ ಭಯವಿಲ್ಲ.

6. ಮೊದಲ ದಿನಗಳಲ್ಲಿ ದಿನಕ್ಕೊಮ್ಮೆ ಪ್ಲಗ್ಗು ಕಿತ್ತು ಮುಚ್ಚಳ ತೆಗೆದು ನೋಡಿ. ಒಳಗೆ ಗಾಳಿ ತುಂಬಿ ಉಬ್ಬಿದ್ದರೆ ಬಿಟ್ಟುಹೋಗುತ್ತದೆ.

ಹೊಳಪು ಬಂತೋ ಇಲ್ಲವೋ ತಿಳಿಯುವುದು ಹೇಗೆ? ಒದ್ದೆ ಕಲ್ಲು ಎಲ್ಲವೂ ಚಂದವೇ. ಒಣಗಿದ ಮೇಲೂ ಒದ್ದೆಯ ಹಾಗೇ ಕಂಡರೆ ಆಯಿತು ಅಂತ ಲೆಕ್ಕ. ಕೊನೆಗೆ ಸ್ವಲ್ಪ ಸೋಪಿನ ಚೂರು, ನೀರು ಹಾಕಿ ಅರ್ಧ ಗಂಟೆ ತಿರುಗಿಸಿದರೆ ಅಂಟಿದ ಪುಡಿ ಹೋಗಿ ಇನ್ನಷ್ಟು ಮಿಂಚುತ್ತವೆ.

ಏಳು ವಾರದ ಮೇಲೆ ಎತ್ತಿನ ಕಣ್ಣಿನ ಎರಡು ಹೋಳುಗಳು ಹೊರಬಂದವು. ಮೊದಲಿಗಿಂತ ಸಣ್ಣವು, ಹುಣಸೆಬೀಜಕ್ಕಿಂತ ತುಸು ದೊಡ್ಡವು. ಒಂದೊಂದರಲ್ಲೂ ಅರ್ಧ ಕಣ್ಣು. ಅಪ್ಪನ ಕಿಸೆಯಲ್ಲಿ ಬಂದ ಕಲ್ಲು ಇದಲ್ಲ ಅಂತ ನನಗೆ ಗೊತ್ತು. ಅದನ್ನು ನಾನು ಕಳೆದೆ. ಆದರೆ ಒಳಗಿನ ಬಣ್ಣ ಹೀಗಿತ್ತು ಅಂತ ಅಪ್ಪನೂ ನೋಡಿರಲಿಲ್ಲ.

ಒಂದನ್ನು ಹತ್ತಿಯಲ್ಲಿ ಸುತ್ತಿ, ಬೆಂಕಿಪೆಟ್ಟಿಗೆಯಲ್ಲಿಟ್ಟು, ಅಂಚೆಯಲ್ಲಿ ಅಣ್ಣನಿಗೆ ಕಳಿಸಿದೆ. ಕಾಗದ ಇಡಲಿಲ್ಲ. ಏನಂತ ಬರೆಯಲಿ? ಹತ್ತು ದಿನದ ಮೇಲೆ ಫೋನು ಬಂತು. "ಎತ್ತಿನ ಕಣ್ಣ ಅಲ್ಲೇನವಾ ಇದು?" ಅಂದ. "ಹೂನಣ್ಣಾ, ನಾನೇ ಒಡದೆ" ಅಂದೆ. ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. ಆಮೇಲೆ ಅವನು ನಮ್ಮೂರಲ್ಲಿ ಮಳೆ ಆಯಿತೋ ಇಲ್ಲವೋ ಕೇಳಿದ. ಹೊಲದ ಮಾತು ಇಬ್ಬರೂ ತೆಗೆಯಲಿಲ್ಲ. ಈಗ ತಿಂಗಳಿಗೊಮ್ಮೆ ಫೋನು ಮಾಡುತ್ತಾನೆ. ಪಂಚಮಿಗೆ ಕರೆಯಲು ಬರುತ್ತೇನೆ ಅಂದಿದ್ದಾನೆ. ನೋಡಬೇಕು.

ಡಾಲ್ಡಾ ಡಬ್ಬಿಯಲ್ಲಿ ಇನ್ನೂ ಹದಿನಾಲ್ಕು ಕಲ್ಲುಗಳಿವೆ. ಅವನ್ನು ಯಂತ್ರಕ್ಕೆ ಹಾಕುವುದಿಲ್ಲ. ಅಪ್ಪ ಹೇಗೆ ಎತ್ತಿಕೊಂಡರೋ ಹಾಗೇ ಇರಲಿ. ಯಂತ್ರದಲ್ಲಿ ಈಗ ಹೊಲದ ಬದುವಿನಲ್ಲಿ ಅತ್ತಿಯವರೇ ಆರಿಸಿ ತಂದ ಬೆಣಚುಕಲ್ಲು ತಿರುಗುತ್ತಿದೆ. ಎರಡನೆಯ ವಾರ, ಇನ್ನೂ ಒರಟು ಪುಡಿಯಲ್ಲೇ. "ಆತೇನ?" ಅಂತ ದಿನಾ ಕೇಳುತ್ತಾರೆ. "ಇಲ್ಲ ಅತ್ತಿ, ಇನ್ನೊಂದು ವಾರ" ಅನ್ನುತ್ತೇನೆ.

ಮುಂದಿನ ಸಂಚಿಕೆಯಲ್ಲಿ ಶೇಂಗಾ ಹೋಳಿಗೆ ಹರಿಯದಂತೆ ಲಟ್ಟಿಸುವ ಬಗೆ ಹೇಳುತ್ತೇನೆ. ಬರಲೇ?